ಛೀ, ಯಾಕ್!: ಟರ್ಕಿ ಮೌತ್ ಕಾಲ್ ಕಲಿತ ಹನ್ನೆರಡು ವಾರ

ಮೊದಲ ದಿನ ಬಾಯಿಂದ ಬಂದದ್ದು ಬರೀ ಜೊಲ್ಲು. ಎರಡನೇ ದಿನ ಜೊಲ್ಲಿನ ಜೊತೆಗೆ ಪಂಕ್ಚರ್ ಆದ ಟ್ಯೂಬಿನ ಸದ್ದು. ಮೂರನೇ ದಿನ ಸಿಂಕಿನ ಮುಂದೆ ಬಗ್ಗಿ ನಿಂತಿದ್ದೆ, ವಾಂತಿ ಆಗುವುದೊಂದು ಬಾಕಿ. ಟರ್ಕಿ ಕೋಳಿಯ ದನಿ ಮಾತ್ರ ಎಲ್ಲೂ ಇರಲಿಲ್ಲ. ಮೌತ್ ಕಾಲ್ ಎಂದರೆ ಬಾಯೊಳಗಿಟ್ಟು ಟರ್ಕಿ ಹೇಂಟೆಯ ದನಿ ತೆಗೆಯುವ ಸಣ್ಣ ಸಾಧನ. ಬೇಟೆಯಲ್ಲಿ ಕಾಡಿನ ಹುಂಜವನ್ನು ಹತ್ತಿರ ಕರೆಯಲು ಅದು ಬೇಕು.

ಹೀಗೆ ಶುರುವಾದ ಕೆಲಸವನ್ನು ಫೆಬ್ರವರಿಯಿಂದ ಮೇವರೆಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕುತ್ತಿದ್ದೇನೆ. ಕನ್ನಡದ ನಾಲಿಗೆಗೆ ಈ ಕಾಲ್ ಕಲಿಯುವಾಗ ಒಂದು ತೊಡಕಿದೆ, ಒಂದು ಅನುಕೂಲವೂ ಇದೆ. ನಾನು ನೋಡಿದ ಇಂಗ್ಲಿಷ್ ವಿಡಿಯೊಗಳಲ್ಲಿ ಅದನ್ನು ಯಾರೂ ಹೇಳಲಿಲ್ಲ. ಅವರಿಗೆ ಅದರ ಅಗತ್ಯವೂ ಇಲ್ಲ ಬಿಡಿ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಹ್ಯಾರಿಸ್‌ಬರ್ಗ್ ಪಕ್ಕದ ಪೆರಿ ಕೌಂಟಿಯಲ್ಲಿ. ಉದ್ದುದ್ದ ಗುಡ್ಡದ ಸಾಲು, ನಡುವೆ ಕಣಿವೆ, ಕಣಿವೆಯಲ್ಲಿ ಮುಸುಕಿನ ಜೋಳದ ಹೊಲ, ಗುಡ್ಡದ ಮೇಲೆ ಓಕ್ ಮರಗಳ ಕಾಡು. ಹುಟ್ಟೂರು ಹಾಸನ. ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫೆಬ್ರವರಿ 17, ಶನಿವಾರ

ಪಕ್ಕದ ಮನೆಯ ಅಜ್ಜನ ಗ್ಯಾರೇಜು. ಅವರಿಗೆ ಎಪ್ಪತ್ತೆಂಟು ವರ್ಷ. ನನ್ನನ್ನು 'ಬಡ್ಡಿ' ಎಂದು ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಹಾಗಂದರೆ ಗೆಳೆಯ. ನಮ್ಮ ಕಡೆ ಅದರ ಮುಂದೆ ಇನ್ನೊಂದು ಪದ ಸೇರಿಸಿದರೆ ಹೊಡೆದಾಟವೇ ಆಗುತ್ತದೆ.

ಮೇಜಿನ ಮೇಲೆ ಮೂರು ಸಾಮಾನು ಇಟ್ಟರು. ಮೊದಲನೆಯದು ಬಾಕ್ಸ್ ಕಾಲ್. ಮರದ ಸಣ್ಣ ಪೆಟ್ಟಿಗೆ, ಮೇಲೆ ಹಿಡಿಕೆಯಿರುವ ಮುಚ್ಚಳ. ಮುಚ್ಚಳವನ್ನು ಪೆಟ್ಟಿಗೆಯ ಅಂಚಿಗೆ ಉಜ್ಜಿದರೆ ಹೇಂಟೆ ಕೂಗುತ್ತದೆ. ಅರ್ಕನ್ಸಾದ ಹೆನ್ರಿ ಗಿಬ್ಸನ್ ಎಂಬಾತ 1897ರಲ್ಲಿ ಇದಕ್ಕೆ ಪೇಟೆಂಟ್ ಮಾಡಿಸಿದ. ಇವತ್ತಿಗೂ ಹೆಚ್ಚುಕಡಿಮೆ ಅದೇ ಆಕಾರ. ಎರಡನೆಯದು ಸ್ಲೇಟ್ ಕಾಲ್. ಅಂಗೈಯಲ್ಲಿ ಹಿಡಿಯುವಷ್ಟು ದುಂಡಗಿನ ಸ್ಲೇಟು, ಅದರ ಮೇಲೆ ಗೀಚಲು ಒಂದು ಕಡ್ಡಿ. ಇದು ನನಗೆ ಹತ್ತೇ ನಿಮಿಷದಲ್ಲಿ ಒಲಿಯಿತು. ಒಂದನೇ ಕ್ಲಾಸಿನಲ್ಲಿ ಬಳಪವನ್ನು ಕಿರ್ ಅನ್ನಿಸಿ ಪಕ್ಕದವನ ಹಲ್ಲು ಜುಮ್ಮೆನ್ನಿಸಿದವನಿಗೆ ಅದೇನು ಕಷ್ಟ, ಅಲ್ವಾ?

ಮೂರನೆಯದು ಮೌತ್ ಕಾಲ್. ಬೆಂಕಿಪೊಟ್ಟಣದ ಮೇಲಿಟ್ಟರೆ ಅದನ್ನು ಮುಚ್ಚುವಷ್ಟೇ ದೊಡ್ಡದು. ಹಾಗಾದರೆ ಮೊದಲಿನ ಎರಡು ಸಾಕಲ್ಲ, ಇದು ಯಾಕೆ ಎಂದು ಕೇಳಿದೆ. ಅಜ್ಜ ಎರಡೂ ಕೈ ಎತ್ತಿ ತೋರಿಸಿದರು. ಪೆಟ್ಟಿಗೆಗೂ ಸ್ಲೇಟಿಗೂ ಎರಡು ಕೈ ಬೇಕು. ಟರ್ಕಿಗೆ ಮೂಗು ಅಷ್ಟಕ್ಕಷ್ಟೇ, ಕಣ್ಣು ಮಾತ್ರ ಬಲು ಚುರುಕು. ನಲವತ್ತು ಹೆಜ್ಜೆ ದೂರದಲ್ಲಿ ಹುಂಜ ನಿಂತಿರುವಾಗ ಬೆರಳು ಅಲ್ಲಾಡಿಸಿದರೂ ಆಟ ಮುಗಿಯಿತು. ಬಾಯೊಳಗಿನ ಕಾಲ್ ಆದರೆ ಕೈ ಸುಮ್ನೆ ಇರುತ್ತದೆ, ಬಂದೂಕು ಎದುರಿಗೇ ಇರುತ್ತದೆ.

ಇಲ್ಲಿಯ ನಿಯಮವೂ ಹಾಗೇ ಇದೆ. ವಸಂತದ ಸೀಸನ್ನಿನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಟರ್ಕಿಯನ್ನು ಹುಡುಕಿಕೊಂಡು ಹಿಂದೆ ಹೋಗುವಂತಿಲ್ಲ. ಕರೆದು ಬರಮಾಡಿಕೊಳ್ಳಬೇಕು, ಅಷ್ಟೇ. ರೆಕಾರ್ಡ್ ಮಾಡಿದ ದನಿ ಹಾಕುವಂತಿಲ್ಲ. ಎದೆಯ ಮೇಲೆ ಕೂದಲಿನ ಕುಚ್ಚಿನಂಥ 'ಗಡ್ಡ' ಇರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಮೊದಲ ಸಲ ಲೈಸೆನ್ಸ್ ಪಡೆಯುವವರು ಬೇಟೆಯ ಕೋರ್ಸ್ ಮಾಡಿ ಪರೀಕ್ಷೆ ಪಾಸಾಗಬೇಕು. ಅದನ್ನು ನಾನು ಹೋದ ವರ್ಷವೇ ಮುಗಿಸಿದ್ದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಪೊಲೀಸರು ಹಿಡಿಯಲ್ವೇನೋ?" ಎಂದಳು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಜೈಲು. ಅವಳ ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ಫೆಬ್ರವರಿ 18ರಿಂದ 23: ಅಳತೆ ಸರಿ ಮಾಡಿದ್ದು

ಒಂಬತ್ತು ಡಾಲರ್ ಕೊಟ್ಟು ನನ್ನದೇ ಒಂದು ಕಾಲ್ ತಂದೆ. ಮೊದಲು ಬಾಯಿಗೆ ಹಾಕದೆ ಬೆಳಕಿಗೆ ಹಿಡಿದು ನೋಡಿದೆ. ಕುದುರೆ ಲಾಳದ ಆಕಾರದ ತೆಳು ಅಲ್ಯೂಮಿನಿಯಂ ಚೌಕಟ್ಟು. ಅದನ್ನು ಮಡಚಿ, ಮಡಿಕೆಯ ನಡುವೆ ಲ್ಯಾಟೆಕ್ಸ್ ಪೊರೆಗಳನ್ನು ಬಿಗಿಯಾಗಿ ಎಳೆದು ಕಚ್ಚಿಸಿದ್ದಾರೆ. ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಇದಕ್ಕೂ ರೀಡ್ ಎಂದೇ ಹೆಸರು, ಹಾರ್ಮೋನಿಯಂ ರೀಡಿನ ಹಾಗೆ. ನನ್ನದರಲ್ಲಿ ಎರಡು ರೀಡ್. ಮೇಲಿನದು ಇಡಿಯಾಗಿದೆ, ಕೆಳಗಿನದರ ನಡುವೆ ವಿ ಆಕಾರದ ಕತ್ತರಿ. ಸುತ್ತಲೂ ಬಟ್ಟೆಯಂಥ ಟೇಪಿನ ಅಂಚು. ಈ ಅಂಚು ಅಂಗುಳಕ್ಕೆ ಅಂಟಿ ಗಾಳಿ ಸೋರದಂತೆ ತಡೆಯಬೇಕು.

ಲಾಳದ ತೆರೆದ ಬದಿ ಹಲ್ಲಿನ ಕಡೆಗೆ. ಕತ್ತರಿಸಿದ ರೀಡ್ ನಾಲಿಗೆಯ ಕಡೆಗೆ, ಅಂದರೆ ಕೆಳಗೆ. ಇದನ್ನು ನಾನು ಎರಡು ದಿನ ತಲೆಕೆಳಗಾಗಿ ಹಾಕಿಕೊಂಡಿದ್ದೆ. ಪಂಕ್ಚರ್ ಸದ್ದಿಗೆ ಅರ್ಧ ಕಾರಣ ಅದೇ.

ಇನ್ನರ್ಧ ಕಾರಣ ಟೇಪು. ಅಂಗಡಿಯ ಕಾಲ್ ದೊಡ್ಡ ಬಾಯಿಯವರ ಅಳತೆಗೆ ಇರುತ್ತದೆ. ನನ್ನ ಅಂಗುಳ ಕಿರಿದು, ಮೇಲಕ್ಕೆ ಕಮಾನಿನಂತೆ ಎದ್ದಿದೆ. ಟೇಪಿನ ಹಿಂದಿನ ಅಂಚು ಕಿರುನಾಲಿಗೆಯ ಹತ್ತಿರ ತಾಗಿದ ತಕ್ಷಣ ವಾಕರಿಕೆ. ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಹಿಂದಿನ ಅಂಚನ್ನು ಒಂದು ನೂಲಿನಷ್ಟು ತೆಗೆದೆ. ಬಾಯಿಗೆ ಹಾಕಿ ನೋಡಿದೆ. ಇನ್ನೊಂದು ನೂಲು ತೆಗೆದೆ. ಪಕ್ಕದ ಅಂಚುಗಳಿಗೆ ಕೈ ಹಾಕುವಾಗ ಮಾತ್ರ ಹುಷಾರು. ಜಾಸ್ತಿ ಕತ್ತರಿಸಿದರೆ ಪಕ್ಕದಿಂದ ಗಾಳಿ ಸೋರುತ್ತದೆ, ಮತ್ತೆ ಅಂಟಿಸಲು ಆಗುವುದಿಲ್ಲ. ಮೊದಲ ಕಾಲನ್ನು ಹಾಗೇ ಹಾಳು ಮಾಡಿದೆ. ಇನ್ನೂ ಒಂಬತ್ತು ಡಾಲರ್.

ಎರಡನೆಯದಕ್ಕೆ ಕತ್ತರಿಯ ಜೊತೆ ಬೆರಳೂ ಬಳಸಿದೆ. ಚೌಕಟ್ಟಿನ ಎರಡು ತೋಳುಗಳನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಸ್ವಲ್ಪವೇ ಕೆಳಕ್ಕೆ ಬಗ್ಗಿಸಿದರೆ ಕಾಲ್ ಅಂಗುಳದ ಕಮಾನಿಗೆ ಸರಿಯಾಗಿ ಕೂರುತ್ತದೆ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಒತ್ತಿದ ಹಾಗೆ ಕೇಳುತ್ತದೆ. ಮೂರು ನಾಲ್ಕು ಸಲ ಆಚೆ ಈಚೆ ಬಗ್ಗಿಸಿದರೆ ರೀಡಿನ ಬಿಗಿ ಹೋಗುತ್ತದೆ. ಆದ್ದರಿಂದ ಒಮ್ಮೆ ಬಗ್ಗಿಸಿದ ಮೇಲೆ ಮತ್ತೆ ಮುಟ್ಟಲಿಲ್ಲ.

ವಾಕರಿಕೆಗೆ ಅಜ್ಜ ಕೊಟ್ಟ ಮದ್ದು ಸರಳ. ಊದಲೇ ಬೇಡ, ಸುಮ್ನೆ ಬಾಯಲ್ಲಿಟ್ಟುಕೊಂಡು ಮನೆಗೆಲಸ ಮಾಡು. ಪಾತ್ರೆ ತೊಳೆದೆ, ಕಸ ಹೊರಗೆ ಹಾಕಿದೆ, ಆಫೀಸಿನ ಮೀಟಿಂಗಿನಲ್ಲಿ ಮ್ಯೂಟ್ ಮಾಡಿ ಕೂತೆ. ನಾಲ್ಕನೇ ದಿನಕ್ಕೆ ಬಾಯಿ ಅದನ್ನು ಮರೆಯಿತು.

ಫೆಬ್ರವರಿ 24: ಮಹಾಪ್ರಾಣ

ಕಾಲ್ ಸರಿಯಾಗಿ ಕೂತಿದೆ. ಆದರೂ ಸದ್ದಿಲ್ಲ. ಎಲ್ಲರೂ ಹೇಳುವುದು ಒಂದೇ: ನಾಲಿಗೆಯನ್ನು ರೀಡಿಗೆ ತಾಗಿಸಿ 'ಚಾಕ್' ಅನ್ನು, ಸೀಮೆಸುಣ್ಣಕ್ಕೆ ಇಂಗ್ಲಿಷಿನಲ್ಲಿ ಅನ್ನುವ ಹಾಗೆ. ಅಂದೆ. ನೂರು ಸಲ ಅಂದೆ. ಟಿಕ್ ಟಿಕ್ ಎಂದು ನಾಲಿಗೆ ಬಡಿಯುವ ಸದ್ದು ಮಾತ್ರ.

ಅಜ್ಜನ ಮುಂದೆ ಕೂತು ಅವರ ಬಾಯನ್ನೇ ನೋಡಿದೆ. ಕಾಲ್ ಇಲ್ಲದೆ ಒಂದು ಸಲ ಹೇಳಿ ಎಂದೆ. ಅವರು ಹೇಳಿದಾಗ ನನ್ನ ಕೈಯಲ್ಲಿದ್ದ ಪೇಪರ್ ಟವೆಲ್ ಅಲುಗಾಡಿತು. ನಾನು ಹೇಳಿದೆ. ಅಲುಗಾಡಲಿಲ್ಲ. ಮತ್ತೆ ಇಬ್ಬರೂ ಹೇಳಿ ನೋಡಿದೆವು. ಅವರದು ಅಲುಗಿತು, ನನ್ನದು ಇಲ್ಲ.

ಆಗ ತಲೆಗೆ ಹೊಳೆಯಿತು. ನಾನು ಹೇಳುತ್ತಿದ್ದದ್ದು ಚಾಕ್. ಅವರು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಛಾಕ್. ಅಲ್ಪಪ್ರಾಣ, ಮಹಾಪ್ರಾಣ! ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಬೆತ್ತ ಹಿಡಿದು, "ಹೊಟ್ಟೆಯಿಂದ ಬರಲಿ, ಹೊಟ್ಟೆಯಿಂದ" ಎಂದು ಛ ಝ ಹೇಳಿಸುತ್ತಿದ್ದದ್ದು ನೆನಪಾಯಿತು. ಅವರೆದುರು ಹೇಳಿ, ಬೆಲ್ ಹೊಡೆದ ಮೇಲೆ ಬಿಟ್ಟುಬಿಟ್ಟಿದ್ದೆವು. ನಾವು ಹಾಸನವನ್ನೇ 'ಆಸ್ನ' ಅನ್ನುವ ಜನ. ಹಕಾರವನ್ನೇ ನುಂಗುವವರ ಬಾಯಲ್ಲಿ ಛಕಾರ ಎಲ್ಲಿಂದ ಬರಬೇಕು?

ಈ ಕಾಲ್ ಕೇಳುವುದೇ ಆ ಉಸಿರನ್ನು. ತುಟಿ ಮುಂದೆ ಮಾಡಿ ಬಲೂನ್ ಊದುವ ಗಾಳಿಯಲ್ಲ. ಕನ್ನಡಕ ಒರೆಸುವ ಮೊದಲು ಗಾಜಿನ ಮೇಲೆ 'ಹಾ' ಎಂದು ಬಿಡುತ್ತೇವಲ್ಲ, ಆ ಬಿಸಿ ಗಾಳಿ. ಅದು ನಾಲಿಗೆಗೂ ರೀಡಿಗೂ ನಡುವಿನ ಸಣ್ಣ ಸಂದಿಯಲ್ಲಿ ನುಗ್ಗಿದಾಗ ರೀಡ್ ನಡುಗುತ್ತದೆ. ಬೇಕೆಂದೇ ಮೇಷ್ಟ್ರಿಗೆ ಕೇಳುವಂತೆ ಹೇಳಿದೆ: ಛಾಕ್! ಗ್ಯಾರೇಜಿನ ಮೂಲೆಯಲ್ಲಿ ಮಲಗಿದ್ದ ಅಜ್ಜನ ನಾಯಿ ತಲೆ ಎತ್ತಿತು. ಟರ್ಕಿಯಲ್ಲ, ಒದೆ ತಿಂದ ಬಾತುಕೋಳಿ. ಆದರೆ ಏನೋ ಒಂದು ಹಕ್ಕಿ.

ಇನ್ನು ಅನುಕೂಲದ ವಿಷಯ. ನಾಲಿಗೆ ಎಲ್ಲಿ ತಾಗಬೇಕು ಎಂದು ಇಲ್ಲಿಯವರು ಚಿತ್ರ ಬರೆದು, ಬೆರಳು ತೋರಿಸಿ ಒದ್ದಾಡುತ್ತಾರೆ. ನಮಗೆ ವರ್ಣಮಾಲೆಯೇ ನಕ್ಷೆ. ಕ ಖ ಗಂಟಲ ಹತ್ತಿರ. ಚ ಛ ಅಂಗುಳಕ್ಕೆ, ಅದಕ್ಕೇ ತಾಲವ್ಯ. ಟ ಠ ನಾಲಿಗೆ ಮಡಚಿ. ತ ಥ ಹಲ್ಲಿಗೆ. ಪ ಫ ತುಟಿಗೆ. ಕಾಲ್ ಕೂರುವುದು ಛಕಾರದ ಜಾಗದಲ್ಲಿ. ನಾಲಿಗೆಯ ತುದಿಯಲ್ಲ, ಅದರ ಹಿಂದಿನ ಚಪ್ಪಟೆ ಭಾಗ ತಾಗಬೇಕು. ನಾನು ಆಗಾಗ ಟಕಾರದ ಹಾಗೆ ತುದಿ ಮಡಚುತ್ತಿದ್ದೆ, ಅದಕ್ಕೇ ಟಿಕ್ ಟಿಕ್.

ಮಾರ್ಚ್ 2: ಎರಡು ಸ್ವರ

ಹೇಂಟೆಯ ಮುಖ್ಯ ಕೂಗಿಗೆ ಯೆಲ್ಪ್ ಅನ್ನುತ್ತಾರೆ. ಒಂದೊಂದು ಯೆಲ್ಪಿನಲ್ಲೂ ಎರಡು ತುಂಡು. ಮೊದಲು ಸೀಟಿಯಂಥ ಏರು ದನಿ, ಅದು ಒಡೆದು ಕೆಳಗಿಳಿದಾಗ ಗೊಗ್ಗರು ದನಿ. ನನಗೆ ಒಂದೇ ತುಂಡು ಬರುತ್ತಿತ್ತು. ಬಾತುಕೋಳಿಯಿಂದ ಬಡ್ತಿ ಸಿಗಲಿಲ್ಲ.

ರಾತ್ರಿ ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಹೆಂಡತಿ ಒಗ್ಗರಣೆ ಹಾಕುತ್ತಿದ್ದಳು. ಹತ್ತನೇ ಸಲ ಕಿರುಚಿದಾಗ ತಿರುಗಿ, "ಛೀ, ಯಾಕ್ರೀ!" ಎಂದಳು.

ನಾನು ಕಾಲ್ ತೆಗೆದು, "ಇನ್ನೊಂದು ಸಲ ಹೇಳು" ಎಂದೆ. ಅವಳು ಜಗಳಕ್ಕೆ ಕರೆಯುತ್ತಿದ್ದೇನೆ ಅಂದುಕೊಂಡಳು.

ಯೋಚನೆ ಮಾಡಿ. ಕನ್ನಡಿಗ ದಿನನಿತ್ಯದ ಮಾತಿನಲ್ಲಿ ಯಾವ ಮಹಾಪ್ರಾಣ ಬಿಟ್ಟರೂ 'ಛೀ' ಅನ್ನುವಾಗ ಮಾತ್ರ ಬಿಡುವುದಿಲ್ಲ. ಅದರಲ್ಲಿ ಉಸಿರು ತಾನಾಗಿ ನುಗ್ಗುತ್ತದೆ. ಈಕಾರ ಇರುವುದರಿಂದ ನಾಲಿಗೆ ಮೇಲೆದ್ದು ರೀಡನ್ನು ಒತ್ತುತ್ತದೆ. ಒತ್ತಡ ಹೆಚ್ಚಾದರೆ ದನಿ ಏರು. ಆಮೇಲೆ 'ಯಾ' ಬಂದ ಕೂಡಲೇ ದವಡೆ ಕೆಳಗಿಳಿಯುತ್ತದೆ, ನಾಲಿಗೆ ಸಡಿಲವಾಗುತ್ತದೆ, ದನಿ ಒಡೆದು ಕೆಳಗೆ ಬೀಳುತ್ತದೆ. ವಿ ಕತ್ತರಿಯ ರೀಡ್ ಮೇಲಿನ ರೀಡಿಗೆ ಬಡಿಯುವುದರಿಂದ ಗೊಗ್ಗರು. ಕೊನೆಯ 'ಕ್' ಗಂಟಲಲ್ಲಿ ಗಾಳಿಯನ್ನು ಕಡಿಯುತ್ತದೆ. ಇಲ್ಲಿಯವರು ಕಲಿಸುವ 'ಕೀ-ಯೋಕ್'ಗಿಂತ ಇದು ನಮ್ಮ ಬಾಯಿಗೆ ಎಷ್ಟೋ ವಾಸಿ.

ಛೀ-ಯಾಕ್. ಛೀ-ಯಾಕ್. ಛೀ-ಯಾಕ್.

ಮೂರನೆಯದರಲ್ಲಿ ದನಿ ಒಡೆಯಿತು. ಮೈ ಜುಮ್ಮೆಂದಿತು. ಹೆಂಡತಿ ಒಲೆ ಆರಿಸಿ ಹೊರಗೆ ಹೋದಳು.

ಮಾರ್ಚ್ 9: ರಿಪೇರಿ

ಕಾಲ್ ಸತ್ತಿತು. ನಿನ್ನೆ ರಾತ್ರಿ ಬಾಯಿಂದ ತೆಗೆದು ಹಾಗೇ ಜೇಬಿಗೆ ಹಾಕಿದ್ದೆ. ಬೆಳಗ್ಗೆ ಎರಡೂ ರೀಡ್ ಎಂಜಲು ಒಣಗಿ ಒಂದಕ್ಕೊಂದು ಅಂಟಿದ್ದವು. ಉಗುರಿನಿಂದ ಬಿಡಿಸಲು ಹೋಗಿ ಕೆಳಗಿನ ರೀಡಿನ ಒಂದು ಮೂಲೆ ವಿ ಕತ್ತರಿಯಿಂದ ಚೌಕಟ್ಟಿನವರೆಗೆ ಹರಿಯಿತು.

ಉಗುರು ಹಾಕಬಾರದಿತ್ತು. ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಬಿಟ್ಟು, ಹಲ್ಲುಕಡ್ಡಿಯ ಚಪ್ಪಟೆ ಬದಿಯನ್ನು ಮೆಲ್ಲಗೆ ತೂರಿಸಿದರೆ ತಾವಾಗಿ ಬಿಟ್ಟುಕೊಳ್ಳುತ್ತವೆ. ಬಿಟ್ಟುಕೊಂಡ ಮೇಲೆ ಕಡ್ಡಿಯನ್ನು ಅಲ್ಲೇ ಬಿಡಬೇಕು. ರೀಡುಗಳ ನಡುವೆ ಕಡ್ಡಿ ಇದ್ದರೆ ಮತ್ತೆ ಅಂಟುವುದಿಲ್ಲ.

ಹರಿದದ್ದನ್ನು ಏನು ಮಾಡುವುದು? ಎಸೆಯುವ ಮೊದಲು ಅಜ್ಜನಿಗೆ ತೋರಿಸಿದೆ. ಅವರು ಮೀನು ಹಿಡಿಯುವ ದಾರ ಕತ್ತರಿಸುವ ಚೂಪು ಕತ್ತರಿ ತಂದು, ಜೋತಾಡುತ್ತಿದ್ದ ತುಂಡನ್ನು ಬುಡದಿಂದ ತೆಗೆದರು. ಈಗ ಕೆಳಗಿನ ರೀಡ್ ಒಂದು ಬದಿಯಲ್ಲಿ ಮಾತ್ರ ಇದೆ. "ಇದನ್ನೇ ಅಂಗಡಿಯಲ್ಲಿ ಬೇರೆ ಹೆಸರಿಟ್ಟು ಮಾರುತ್ತಾರೆ" ಎಂದರು. ನಿಜ. ಒಂದು ಬದಿ ಮಾತ್ರ ಕತ್ತರಿಸಿದ ಕಾಲ್‌ಗಳು ಸಿಗುತ್ತವೆ. ಬೇರೆ ಬೇರೆ ಕತ್ತರಿಗೆ ವಿ ಕಟ್, ಬಾವಲಿ ರೆಕ್ಕೆ, ದೆವ್ವದ ಕಟ್ ಎಂದೆಲ್ಲ ಹೆಸರುಗಳು. ಪ್ರತಿ ಕತ್ತರಿಗೂ ಗೊಗ್ಗರು ಬೇರೆ. ನನ್ನ ಹರಿದ ಕಾಲ್ ನಾಲಿಗೆಯನ್ನು ಸ್ವಲ್ಪ ಎಡಕ್ಕೆ ಓರೆ ಮಾಡಿದರೆ ಮೊದಲಿಗಿಂತ ಚೆನ್ನಾಗಿ ಕೂಗಿತು. ಯಾಕೆಂದರೆ ಒಂದು ಬದಿಯಲ್ಲಿ ಇಡಿಯಾದ ರೀಡ್ ಒಂದೇ ಇದೆ, ಅಲ್ಲಿ ಏರು ದನಿ ಸುಲಭ. ಇನ್ನೊಂದು ಬದಿಯಲ್ಲಿ ಗೊಗ್ಗರು. ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಇಡುವ ಬಗೆ ಹೀಗೆ: ಬಳಸಿದ ಮೇಲೆ ತಣ್ಣೀರಲ್ಲಿ ತೊಳೆ, ಒಮ್ಮೊಮ್ಮೆ ಮೌತ್‌ವಾಶಿನಲ್ಲಿ ಅದ್ದು, ಒರೆಸದೆ ಗಾಳಿಗೆ ಆರಿಸು, ಕಡ್ಡಿ ಇಡು, ಡಬ್ಬಿಗೆ ಹಾಕು, ಫ್ರಿಜ್ಜಿನಲ್ಲಿಡು. ಲ್ಯಾಟೆಕ್ಸಿಗೆ ಬಿಸಿಲೂ ಬಿಸಿಯೂ ಆಗದು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮರೆತ ಇನ್ನೊಂದು ಕಾಲ್ ವಾರದೊಳಗೆ ಜೋತುಬಿತ್ತು. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟದ್ದಕ್ಕೆ ಮನೆಯಲ್ಲಿ ಬೈಸಿಕೊಂಡದ್ದು ಬೇರೆ ಕತೆ.

ಮಾರ್ಚ್ 23

ಕ್ಲಕ್ ಬಂತು. ಒಂದೇ ಒಂದು ಗಿಡ್ಡ ಸ್ವರ, ತುಟಿಯಿಂದ ಫ ಎಂದು ಸಿಡಿಸಬೇಕು. ಓಷ್ಠ್ಯ, ಅದೂ ಮಹಾಪ್ರಾಣ. ಹತ್ತು ನಿಮಿಷದ ಕೆಲಸ.

ಪರ್ ಬರಲಿಲ್ಲ. ಹೇಂಟೆ ನೆಮ್ಮದಿಯಾಗಿ ಮೇಯುವಾಗ ಮಾಡುವ ಮೆಲ್ಲನೆಯ ಗುರುಗುರು ಅದು. ಉಸಿರು ಬಿಡುತ್ತಲೇ ಗಂಟಲಲ್ಲಿ ಮುಕ್ಕಳಿಸಿದ ಹಾಗೆ ನಡುಗಿಸಬೇಕಂತೆ. ನನಗೆ ಕೆಮ್ಮು ಬರುತ್ತದೆ.

ಏಪ್ರಿಲ್ 6: ಅಜ್ಜನ ಮಾತು

ಇವತ್ತು ಕಾಲ್ ಮುಟ್ಟಲಿಲ್ಲ. ಮಳೆ. ಅಜ್ಜ ಹಳೆಯ ಕತೆ ಹೇಳಿದರು.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಪೆನ್ಸಿಲ್ವೇನಿಯಾದ ಕಾಡು ಹೆಚ್ಚಿನದೆಲ್ಲ ಕಡಿದು ಹೋಗಿತ್ತು. ಟರ್ಕಿಗಳು ಉಳಿದಿದ್ದದ್ದು ದಕ್ಷಿಣ ಮಧ್ಯ ಭಾಗದ ಗುಡ್ಡ ಕಣಿವೆಗಳಲ್ಲಿ, ಅಂದರೆ ನಮ್ಮ ಸುತ್ತಮುತ್ತ. ಆಮೇಲೆ ಸರ್ಕಾರದವರು ಫಾರ್ಮಿನಲ್ಲಿ ಸಾಕಿದ ಟರ್ಕಿಗಳನ್ನು ವರ್ಷಗಟ್ಟಲೆ ಕಾಡಿಗೆ ಬಿಟ್ಟರು. ಅವು ಬದುಕಲಿಲ್ಲ. ನರಿ ಬಂದರೆ ಓಡಬೇಕು ಎಂದು ಹೇಳಿಕೊಡಲು ತಾಯಿಯೇ ಇರಲಿಲ್ಲವಲ್ಲ. ಕಾಡಿನ ಹಕ್ಕಿಗಳನ್ನೇ ಹಾರುವ ಬಲೆಯಲ್ಲಿ ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದ ಮೇಲೆ ಸಂಖ್ಯೆ ಏರಿತು. 1968ರಲ್ಲಿ ಈ ರಾಜ್ಯದಲ್ಲಿ ಮೊದಲ ಸಲ ವಸಂತದ ಸೀಸನ್ ತೆರೆದರು. ಅಜ್ಜ ಆಗ ಇಪ್ಪತ್ತು ದಾಟಿದ ಹುಡುಗ. ಮೌತ್ ಕಾಲ್ ಹೇಗೆ ಹಿಡಿಯಬೇಕೆಂದು ಹೇಳಲು ಯಾರೂ ಇರಲಿಲ್ಲ. ಟ್ರಕ್ ಓಡಿಸುತ್ತಾ, ಕಿಟಕಿ ಏರಿಸಿಕೊಂಡು ಕಲಿತರಂತೆ.

ಇನ್ನೊಂದು ಮಾತು ಹೇಳಿದರು. ಕಾಡಿನಲ್ಲಿ ನಡೆಯುವುದು ನಾವು ಮಾಡುವುದಕ್ಕೆ ತಿರುವುಮುರುವು. ಹುಂಜ ನಿಂತಲ್ಲೇ ನಿಂತು ಗೊಬ್ಬಳಿಸುತ್ತದೆ (ಹುಂಜದ ಕೂಗಿಗೆ ಇಂಗ್ಲಿಷಿನಲ್ಲಿ ಗಾಬಲ್ ಅನ್ನುತ್ತಾರೆ, ನಾನು ಗೊಬ್ಬಳ ಅನ್ನುತ್ತೇನೆ), ಹೇಂಟೆ ಅದರ ಹತ್ತಿರ ಹೋಗುತ್ತದೆ. ನಾವು ಹೇಂಟೆಯಾಗಿ ಕೂತಲ್ಲೇ ಕೂತು, ಹುಂಜವೇ ಬರಲಿ ಎನ್ನುತ್ತೇವೆ. ಅದಕ್ಕೇ ಎಷ್ಟೋ ಹುಂಜಗಳು ಅರ್ಧ ದಾರಿಗೆ ಬಂದು ನಿಂತುಬಿಡುತ್ತವೆ. 'ನಾನು ಇಷ್ಟು ಬಂದೆ, ಇನ್ನು ನೀನು ಬಾ' ಎಂದು.

ಏಪ್ರಿಲ್ 20: ನಿಜವಾದ ಗುರು

ಸೀಸನ್ ಶುರುವಾಗಲು ಎರಡು ವಾರ. ಬೆಳಗಿನ ಐದಕ್ಕೆ ಗುಡ್ಡದ ಬುಡದಲ್ಲಿ ಕೂತೆ. ಕೂಗಲಿಲ್ಲ, ಕೇಳಲು ಮಾತ್ರ. ಸೀಸನ್ನಿಗೆ ಮೊದಲೇ ಕೂಗಿ ಹಕ್ಕಿಗಳನ್ನು ಎಚ್ಚರ ಮಾಡಬಾರದು ಎಂದು ಅಜ್ಜನ ಕಟ್ಟಪ್ಪಣೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿದ್ದೆ. ಇಲ್ಲಿಯ ಉಣ್ಣಿ ಲೈಮ್ ಕಾಯಿಲೆ ಹರಡುತ್ತದೆ.

ಬೆಳಕು ಹರಿಯುವ ಮುಂಚೆ ಮರದ ಮೇಲಿಂದ ಒಂದು ಹುಂಜ ಗೊಬ್ಬಳಿಸಿತು. ಆಮೇಲೆ ಬಲಗಡೆ ಇನ್ನೊಂದು ಮರದಿಂದ ಹೇಂಟೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಮನೆಗೆ ಬಂದು ಅವಳದ್ದನ್ನೂ ನನ್ನದನ್ನೂ ಒಂದರ ಪಕ್ಕ ಒಂದು ಕೇಳಿದೆ. ನಾಚಿಕೆಯಾಯಿತು. ದನಿಯಲ್ಲಿ ನನ್ನದೇ ಚೆನ್ನಾಗಿತ್ತು! ಅವಳದು ಒಡಕಲು, ಎರಡು ಕಡೆ ಏರು ಸ್ವರವೇ ಇಲ್ಲ. ಆದರೆ ಅವಳದು ಟರ್ಕಿ, ನನ್ನದು ಯಂತ್ರ. ನಾನು ಏಳು ಯೆಲ್ಪನ್ನೂ ಒಂದೇ ತೂಕದಲ್ಲಿ, ಒಂದೇ ಬಿಡುವಿನಲ್ಲಿ ಹಾಕಿದ್ದೆ. ಅವಳು ಆರು ಹಾಕಿದ್ದಳು. ಮೊದಲೆರಡು ನಿದ್ದೆಗಣ್ಣಲ್ಲಿ ಗೊಣಗಿದ ಹಾಗೆ. ನಡುವಿನ ಮೂರು ಜೋರು, ಒತ್ತೊತ್ತಾಗಿ. ಕೊನೆಯದು ಅರ್ಧಕ್ಕೇ ಬಿಟ್ಟುಬಿಟ್ಟಳು. ಸೆಕೆಂಡಿಗೆ ಮೂರರಿಂದ ನಾಲ್ಕು.

ನಾನು ಎಂಟು ವಾರ ದನಿಯ ಹಿಂದೆ ಬಿದ್ದಿದ್ದೆ. ಕೆಲಸ ಇದ್ದದ್ದು ನಡೆಯಲ್ಲಿ. ಅವತ್ತಿನಿಂದ ಅವಳ ರೆಕಾರ್ಡಿಂಗ್ ಹಾಕಿ ಅವಳ ಜೊತೆಗೇ ಕೂಗಲು ಶುರು ಮಾಡಿದೆ. ಆಫೀಸಿಗೆ ನಲವತ್ತು ನಿಮಿಷದ ಡ್ರೈವ್. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ನೋಡಿದರೆ ಫೋನಿನಲ್ಲಿ ಮಾತಾಡುವವನ ಹಾಗೆ ತಲೆ ಆಡಿಸುತ್ತೇನೆ.

ಮೇ 4: ಸೀಸನ್ನಿನ ಮೊದಲ ದಿನ

ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಮಧ್ಯಾಹ್ನ ಹನ್ನೆರಡರವರೆಗೆ. ಬಂದೂಕು ಅಜ್ಜನ ಕೈಯಲ್ಲಿ, ಕಾಲ್ ನನ್ನ ಬಾಯಲ್ಲಿ. ಭುಜಕ್ಕಿಂತ ಅಗಲವಾದ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆವು, ಹಿಂದಿನಿಂದ ಯಾರೂ ನಮ್ಮನ್ನು ಹಕ್ಕಿ ಎಂದು ತಿಳಿಯದಿರಲಿ ಎಂದು. ಮೈಮೇಲೆ ಕೆಂಪು, ಬಿಳಿ, ನೀಲಿ ಏನೂ ಇರಬಾರದು. ಹುಂಜದ ತಲೆಯ ಬಣ್ಣ ಅದೇ. ನನ್ನ ಬಿಳಿ ಬನಿಯನ್ನಿನ ಕುತ್ತಿಗೆ ಹೊರಗೆ ಕಾಣುತ್ತಿದೆ ಎಂದು ಅಜ್ಜ ಕತ್ತಲಲ್ಲೇ ಹಿಡಿದು ಒಳಗೆ ತುರುಕಿದರು.

ಹುಂಜ ಬರಲಿಲ್ಲ. ಒಂದು ಹೇಂಟೆ ಬಂದಳು. ನಾನು ಆರು ಯೆಲ್ಪ್ ಹಾಕಿದೆ, ಅವಳು ಎಂಟು ಹಾಕಿ ನನ್ನ ಮಾತು ತುಂಡರಿಸಿದಳು. ನಾನು ಮತ್ತೆ ಹಾಕಿದೆ, ಅವಳು ಅದರ ಮೇಲೇ ಹತ್ತಿ ಕೂಗಿದಳು. ಹದಿನೈದು ಹೆಜ್ಜೆ ದೂರದಲ್ಲಿ ನಿಂತು, ಇಲ್ಲಿ ಯಾರಪ್ಪ ಹೊಸಬಳು ಎಂದು ಕತ್ತು ಉದ್ದ ಮಾಡಿ ನೋಡಿ ಹೊರಟುಹೋದಳು. ನಿಜವಾದ ಹೇಂಟೆಯೇ ಜಗಳಕ್ಕೆ ಬಂದಳಲ್ಲ! ಅವತ್ತು ಊಟ ಎರಡು ತುತ್ತು ಜಾಸ್ತಿಯೇ ಇಳಿಯಿತು.

ಮೇ 11

5:25ಕ್ಕೆ ಮೊದಲ ಗೊಬ್ಬಳ. ನೂರೈವತ್ತು ಹೆಜ್ಜೆ ದೂರ, ಗುಡ್ಡದ ಏಣಿನ ಮೇಲೆ. ಮೆಲ್ಲಗೆ ಮೂರು ಯೆಲ್ಪ್ ಹಾಕಿದೆ, ಮರದ ಮೇಲೆ ಕಣ್ಣು ಬಿಡುತ್ತಿರುವ ಹೇಂಟೆಯ ಹಾಗೆ. ಕೊನೆಯದು ಮುಗಿಯುವ ಮೊದಲೇ ಅವನು ಉತ್ತರ ಕೊಟ್ಟ. ಅಜ್ಜನ ಬೆರಳು ನನ್ನ ಮೊಣಕಾಲನ್ನು ಒತ್ತಿತು: ಸುಮ್ನಿರು.

ಹತ್ತು ನಿಮಿಷ. ರೆಕ್ಕೆ ಬಡಿದ ಸದ್ದು, ನೆಲಕ್ಕೆ ಇಳಿದ. ನಾನು ಐದು ಹಾಕಿದೆ, ನಡುವೆ ಜೋರು, ಕೊನೆಯದು ಅರ್ಧ. ಮತ್ತೆ ಗೊಬ್ಬಳ, ಹತ್ತಿರದಲ್ಲಿ. ಆಮೇಲೆ ಕಂಡ. ಮೊದಲು ಬಿಳಿ ನೆತ್ತಿ, ಆಮೇಲೆ ಬೀಸಣಿಗೆಯಂತೆ ಬಿಚ್ಚಿದ ಬಾಲ. ಬಿದ್ದ ಮರದ ದಿಮ್ಮಿಯ ಆಚೆ, ಅರವತ್ತು ಹೆಜ್ಜೆಯಲ್ಲಿ, ನಿಂತ. ನಿಂತೇ ಇದ್ದ. ಅಜ್ಜ ಹೇಳಿದ್ದ ಅರ್ಧ ದಾರಿ ಇದೇ. ಅಷ್ಟು ದೂರಕ್ಕೆ ಅಜ್ಜ ಗುಂಡು ಹಾರಿಸುವವರಲ್ಲ.

"ಪರ್" ಎಂದು ಉಸಿರಲ್ಲೇ ಹೇಳಿದರು.

ಇಷ್ಟು ಹೊತ್ತು ಬಾಯಿ ಬಿಟ್ಟುಕೊಂಡು ಉಸಿರಾಡಿದ್ದೆ. ನಾಲಿಗೆ ಒಣಗಿ ಹಪ್ಪಳವಾಗಿತ್ತು. ರೀಡುಗಳು ಒಂದಕ್ಕೊಂದು ಅಂಟಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಗುರುಗುರು ಎಂದು ಶುರು ಮಾಡಿದೆ. ಬಂದದ್ದು ಬಾಗಿಲಿನ ತುಕ್ಕು ಹಿಡಿದ ಕೀಲಿನ ಕೀರಲು. ದಿಮ್ಮಿಯ ಆಚೆ ಬೀಸಣಿಗೆ ಮಡಚಿತು. 'ಪಟ್' ಎಂದು ಒಂದೇ ಒಂದು ಚೂಪು ಸದ್ದು. ಟರ್ಕಿಯ ಭಾಷೆಯಲ್ಲಿ ಅದು ಅಪಾಯದ ಕೂಗು. ಎರಡು ಸೆಕೆಂಡಿನಲ್ಲಿ ಅಲ್ಲಿ ಜರೀಗಿಡ ಮಾತ್ರ ಇತ್ತು.

ಅಜ್ಜ ಬಂದೂಕು ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ. ಅವರ ಭುಜ ಕುಲುಕುತ್ತಿತ್ತು, ನಗು ತಡೆಯಲಾಗದೆ.

"1968ರಲ್ಲಿ ನಾನು ಓಡಿಸಿದ್ದು ಇದಕ್ಕಿಂತ ದೊಡ್ಡದು, ಬಡ್ಡಿ" ಎಂದರು.

ಮೇ 11, ರಾತ್ರಿ

ತಿದ್ದಬೇಕಾದ್ದು: ಮೂಗಿನಿಂದ ಉಸಿರಾಡು. ಹತ್ತು ನಿಮಿಷಕ್ಕೊಮ್ಮೆ ನಾಲಿಗೆಯಿಂದ ರೀಡನ್ನು ಒದ್ದೆ ಮಾಡು. ಒಂದೇ ರೀಡಿನ ಇನ್ನೊಂದು ಕಾಲನ್ನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊ, ಅದರಲ್ಲಿ ಅಂಟಲು ಎರಡನೇ ರೀಡೇ ಇಲ್ಲ. ಅಜ್ಜ ಹೀಗೆ ಎರಡು ಕಾಲ್ ಇಟ್ಟುಕೊಂಡು ಮಾತೂ ಆಡುತ್ತಾರೆ. ನಾನು ಪ್ರಯತ್ನಿಸಿದೆ, ಒಂದನ್ನು ನುಂಗುವುದರಲ್ಲಿದ್ದೆ.

ಪರ್ ಈಗ ಅರ್ಧ ಬರುತ್ತಿದೆ. ಗಂಟಲಲ್ಲಿ ಅಲ್ಲ, ತುಟಿಯಲ್ಲಿ. ಮಗುವಿಗೆ ಆಟ ಆಡಿಸುವಾಗ ತುಟಿಯನ್ನು ಬುರ್ರ್ ಅನ್ನಿಸುತ್ತೇವಲ್ಲ, ಅದನ್ನೇ ಮೆಲ್ಲಗೆ, ಬಾಯಿ ಹೆಚ್ಚು ತೆರೆಯದೆ. ಅಜ್ಜನ ದಾರಿ ಬೇರೆ, ನನ್ನದು ಬೇರೆ, ಸದ್ದು ಒಂದೇ ಆದರೆ ಸಾಕು.

ಸೀಸನ್ ಮೇ 31ರವರೆಗೆ ಇದೆ. ಕಾಲ್ ತೊಳೆದು, ಕಡ್ಡಿ ಇಟ್ಟು, ಫ್ರಿಜ್ಜಿನ ಬಾಗಿಲಿನ ಮೇಲಿನ ತಟ್ಟೆಗೆ ಹಾಕಿದೆ. ಮೊಸರಿನಿಂದ ದೂರ.